ಎಪ್ಪತ್ತೊಂದನೇ ತಲೆಮಾರಿನ ಬಾಣಂತನ

ಜೂನ್ 2, ಸೋಮವಾರ

ಲೋಕದ ಸಮಸ್ತರಿಗೂ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಇಂದು ಬೆಳಿಗ್ಗೆ ಹತ್ತು ಗಂಟೆ ಹನ್ನೆರಡು ನಿಮಿಷಕ್ಕೆ, ನಮ್ಮ ಸಂಶೋಧನಾ ಸಂಸ್ಥೆಯ ಅನಿಮಲ್ ಹೌಸಿನ ಎರಡನೇ ಕೋಣೆಯ ಹೊರಗೆ ನಾನು ಕೂರುವ ಸ್ಟೂಲಿನ ನಾಲ್ಕನೇ ಕಾಲು ನೆಲವನ್ನು ಮುಟ್ಟಿತು. ಹನ್ನೊಂದು ವರ್ಷ ಅದು ಗಾಳಿಯಲ್ಲಿತ್ತು. ಆಡಳಿತ ವಿಭಾಗದಿಂದ ಬೆಳಿಗ್ಗೆ ಬಂದ ಸುತ್ತೋಲೆಯನ್ನು ನಾಲ್ಕು ಮಡಿಕೆ ಮಾಡಿ ಅದರ ಕೆಳಗೆ ಇಟ್ಟೆ. ಆ ವಿಭಾಗದ ಕಾಗದವೊಂದು ಇಷ್ಟು ನೇರವಾಗಿ ಉಪಯೋಗಕ್ಕೆ ಬಂದದ್ದು ಇದೇ ಮೊದಲು.

ಸ್ಥಿರವಾದ ಆಸನ ಸಿಕ್ಕ ಸಂತೋಷಕ್ಕೆ ಈ ದಿನಚರಿ ಆರಂಭಿಸಿದ್ದೇನೆ. ಇಷ್ಟು ವರ್ಷ ಬರೆಯದಿರಲು ಸ್ಟೂಲಿನ ಅಲುಗಾಟವೇ ಕಾರಣ. ಸೋಮಾರಿತನವೇ ಕಾರಣವೆಂದು ಹೇಳುವವರು ನಮ್ಮ ಮನೆಯಲ್ಲಿದ್ದಾರೆ, ಆದರೆ ಸದ್ಯಕ್ಕೆ ಅವರು ಮನೆಯಲ್ಲಿಲ್ಲ. ಅವರು, ಅಂದರೆ ನನ್ನ ಹೆಂಡತಿ, ತನ್ನ ಅಕ್ಕನ ಮನೆಗೆ ಹೋಗಿದ್ದಾಳೆ. ಅಕ್ಕನ ಮಗಳಿಗೆ ಹೆರಿಗೆಯಾಗಿದೆ. "ನಾಲ್ಕು ದಿನ ಬಾಣಂತನಕ್ಕೆ ಕೈ ಜೋಡಿಸಿ ಬರ್ತೀನಿ" ಎಂದು ಹೋದವಳು, ಇಂದಿಗೆ ಇಪ್ಪತ್ತೊಂಬತ್ತು ದಿನ. ಎಣಿಕೆಯಲ್ಲಿ ಅವಳು ಮೊದಲಿನಿಂದಲೂ ಸ್ವಲ್ಪ ಹಿಂದೆ.

ನಾನು ಎರಡನೇ ಕೋಣೆಯ ಪಾಲಕ. ಇಪ್ಪತ್ತಾರು ವರ್ಷದ ಸರ್ವಿಸು. ಈ ಕೋಣೆಯಲ್ಲಿರುವುದು ಒಂದೇ ಮನೆತನದ ಇಲಿಗಳು. ಅಣ್ಣನಿಗೆ ತಂಗಿಯನ್ನೇ ಕೂಡಿಸಿ ಕೂಡಿಸಿ ಎಪ್ಪತ್ತೊಂದು ತಲೆಮಾರು ಕಾಪಾಡಿಕೊಂಡು ಬಂದಿರುವ ವಂಶ. ಹೀಗೆ ಮಾಡಿದರೆ ಎಲ್ಲವೂ ಒಂದೇ ಅಚ್ಚಿನಲ್ಲಿ ತೆಗೆದ ಹಾಗೆ ಹುಟ್ಟುತ್ತವೆ. ಔಷಧದ ಗುಣ ಯಾವುದು, ಇಲಿಯ ಗುಣ ಯಾವುದು ಎಂದು ವಿಜ್ಞಾನಿಗಳಿಗೆ ಗೊಂದಲವಾಗುವುದಿಲ್ಲ. ಬಂಧುತ್ವದ ದೃಷ್ಟಿಯಿಂದ ಮಾತ್ರ ಸ್ವಲ್ಪ ಗೋಜಲು. ಇಲ್ಲಿ ಅಪ್ಪನೇ ಸೋದರಮಾವ, ಅಮ್ಮನೇ ಸೋದರತ್ತೆ. ಸೊಸೆಗೆ ಅತ್ತೆಯೂ ಹೆತ್ತ ತಾಯಿಯೂ ಒಬ್ಬಳೇ ಆದ್ದರಿಂದ, ಎಪ್ಪತ್ತೊಂದು ತಲೆಮಾರಿನಲ್ಲಿ ಒಂದೇ ಒಂದು ಅತ್ತೆ-ಸೊಸೆ ಜಗಳವೂ ದಾಖಲಾಗಿಲ್ಲ.

ಒಂದು ಕಾಲಕ್ಕೆ ಮೂವತ್ತು ಪಂಜರ ತುಂಬಿದ್ದ ವಂಶ ಈಗ ಒಂದೇ ಜೋಡಿಗೆ ಬಂದು ನಿಂತಿದೆ. ಹೆಣ್ಣು ಬಸುರಿ, ದಿನ ತುಂಬಿದೆ. ಪಂಜರದ ಕಾರ್ಡಿನಲ್ಲಿ ಅದು 71-ಹೆ. ಇಲ್ಲಿ ಇಲಿಗಳಿಗೆ ಹೆಸರಿಡುವಂತಿಲ್ಲ. ಗೋಡೆಯ ಬೋರ್ಡಿನಲ್ಲಿರುವ ಆ ನಿಯಮವನ್ನೂ, ಅದರ ಕೆಳಗಿನ ಹದಿನೆಂಟು ನಿಯಮಗಳನ್ನೂ ಬರೆದವನು ನಾನೇ.

ಜೂನ್ 5, ಗುರುವಾರ

71-ಹೆ ಬೆಳಿಗ್ಗೆ ಹೆತ್ತಿದೆ. ಎಂಟು ಮರಿ. ಹುಟ್ಟಿದ ಇಲಿಮರಿ ಕಿರುಬೆರಳಿನ ತುದಿಯಷ್ಟಿರುತ್ತದೆ. ಮೈಮೇಲೆ ಕೂದಲಿಲ್ಲ, ಕಣ್ಣೂ ಕಿವಿಯೂ ಮುಚ್ಚಿರುತ್ತವೆ. ಹಾಲು ಕುಡಿದಿದ್ದರೆ ಹೊಟ್ಟೆಯ ತೆಳು ಚರ್ಮದೊಳಗೆ ಬಿಳಿ ಪಟ್ಟಿ ಕಾಣುತ್ತದೆ. ಅದೊಂದು ಕಂಡರೆ ಪಾಲಕನಾದವನು ನಿಶ್ಚಿಂತೆಯಿಂದ ಊಟಕ್ಕೆ ಹೋಗಬಹುದು.

ನಾನು ನಿಶ್ಚಿಂತೆಯನ್ನು ನಂಬುವವನಲ್ಲ. ಗಂಟೆಗೊಮ್ಮೆ ಮುಚ್ಚಳ ತೆಗೆದು ಎಣಿಸಿದೆ. ಹತ್ತಕ್ಕೆ ಎಂಟು, ಹನ್ನೊಂದಕ್ಕೆ ಎಂಟು, ಹನ್ನೆರಡಕ್ಕೆ ಎಂಟು. ಸಂತೋಷ ಒಬ್ಬನೇ ಇಟ್ಟುಕೊಳ್ಳಬಾರದೆಂದು ಲಿಫ್ಟಿನವರು, ಕ್ಯಾಂಟೀನಿನವರು, ಫೈಲು ಹಿಡಿದು ಬಂದಿದ್ದ ಜವಾನ, ಎಲ್ಲರನ್ನೂ ಕರೆದು ಮರಿಗಳನ್ನು ಅಂಗೈಯಲ್ಲಿಟ್ಟು ತೋರಿಸಿದೆ. ಕಿಡ್ನಿ ಮೇಡಮ್ಮನ್ನೂ ಕರೆದೆ. ಅವರು ಈ ವಂಶದ ಮೂತ್ರಪಿಂಡದ ಮೇಲೆ ಹದಿನೆಂಟು ವರ್ಷದಿಂದ ಕೆಲಸ ಮಾಡುತ್ತಿರುವ ವಿಜ್ಞಾನಿ. ಬೇರೆ ವಿಷಯ ಮಾತಾಡಿದ್ದನ್ನು ಯಾರೂ ಕೇಳಿಲ್ಲ. ಬಾಗಿಲಲ್ಲೇ ನಿಂತು, "ಸಾಕು, ಮುಚ್ಚಿಡಿ" ಎಂದು ಹೋದರು. ಮರಿಗೆ ಕಿಡ್ನಿ ಬಲಿಯುವ ತನಕ ಅವರಿಗೆ ಆಸಕ್ತಿ ಇರುವುದಿಲ್ಲ.

ಅಷ್ಟೂ ಹೊತ್ತು ತಾಯಿ ಮೂಲೆಯಲ್ಲಿ ಹಿಂಗಾಲಿನ ಮೇಲೆ ನಿಂತು ನಮ್ಮನ್ನೇ ನೋಡುತ್ತಿತ್ತು. ಅಭಿಮಾನದಿಂದ, ಎಂದು ಬಂದವರಿಗೆಲ್ಲ ವಿವರಿಸಿದೆ.

ಜೂನ್ 6, ಶುಕ್ರವಾರ

ಒಂಬತ್ತಕ್ಕೆ ಸೊನ್ನೆ.

ತಿಂದುಬಿಟ್ಟಿದೆ. ಎಂಟನ್ನೂ. ಗೂಡಿನಲ್ಲಿ ಒಂದು ಗುರುತೂ ಇಲ್ಲ.

ಜೂನ್ 7, ಶನಿವಾರ

ಕಿಡ್ನಿ ಮೇಡಂ ಬಂದರು.

"ಸುತ್ತೋಲೆ ನೋಡಿದ್ರಾ?"

"ಯಾವುದು ಮೇಡಂ?"

"ಸೋಮವಾರದ್ದು. ನಿಮಗೇ ಬಂದಿರೋದು."

ನಾನು ಎದ್ದು ಬಗ್ಗಿದೆ. ಸ್ಟೂಲು ವಾಲಿತು. ಮಡಿಕೆ ಬಿಡಿಸಿ ಓದಿದೆ. ಜುಲೈ 25ರ ತಪಾಸಣೆಯ ಹೊತ್ತಿಗೆ ಎರಡನೇ ಕೋಣೆಯಲ್ಲಿ ತಾಯಿಹಾಲು ಬಿಟ್ಟ ಒಂದು ಗಂಡು ಮತ್ತು ಒಂದು ಹೆಣ್ಣು, ಒಡಹುಟ್ಟಿದವು, ಇರತಕ್ಕದ್ದು. ಇಲ್ಲವಾದಲ್ಲಿ ಸದರಿ ವಂಶವು ಮುಗಿದಿದೆಯೆಂದು ಭಾವಿಸಿ ಕೋಣೆಯನ್ನು ಜೆರಾಕ್ಸ್ ವಿಭಾಗಕ್ಕೆ ವಹಿಸತಕ್ಕದ್ದು. ಪಾಲಕರನ್ನು ಲೇಖನ ಸಾಮಗ್ರಿ ಉಗ್ರಾಣಕ್ಕೆ ವರ್ಗಾಯಿಸತಕ್ಕದ್ದು.

ಇಪ್ಪತ್ತಾರು ವರ್ಷ ಉಸಿರಾಡುವ ಜೀವಗಳನ್ನು ಸಾಕಿದವನು ಇನ್ನು ಪೆನ್ಸಿಲ್ ಡಬ್ಬಗಳ ವಂಶಾಭಿವೃದ್ಧಿ ನೋಡಿಕೊಳ್ಳಬೇಕು.

ಇಬ್ಬರೂ ಬೆರಳು ಮಡಿಚಿ ಎಣಿಸಿದೆವು. ಬಸಿರಿಗೆ ಇಪ್ಪತ್ತೆರಡು ದಿನ, ಹಾಲು ಬಿಡಲು ಇಪ್ಪತ್ತೊಂದು. ಈ ಮೂರು ನಾಲ್ಕು ದಿನದಲ್ಲಿ ಕೂಡಿದರೆ ಉಂಟು, ಮುಂದಿನ ವಾರವಾದರೆ ಇಲ್ಲ.

"ಇದು ಹೋದ್ರೆ ಪ್ರಪಂಚದಲ್ಲಿ ಬೇರೆಲ್ಲೂ ಈ ಕಿಡ್ನಿ ಇಲ್ಲ," ಎಂದರು ಮೇಡಂ. ನನ್ನ ಅಂಗಿಯನ್ನೊಮ್ಮೆ ನೋಡಿ ಹೋದರು.

ಓದಿದ ಮೇಲೂ ಸುತ್ತೋಲೆಯ ದಪ್ಪ ಅಷ್ಟೇ ಇತ್ತು. ಕಾಲಿನ ಕೆಳಗೇ ವಾಪಸು ಇಟ್ಟೆ.

ಜೂನ್ 10, ಮಂಗಳವಾರ

ಕೂಡಿವೆ. ಕಣ್ಣಾರೆ ಕಂಡು ಕಾರ್ಡಿನಲ್ಲಿ ಬರೆದೆ. ಗಂಡನ್ನು, ಅಂದರೆ ಅದರ ಅಣ್ಣನನ್ನು, ಮೊಗಸಾಲೆಯ ಬೇರೆ ಪಂಜರಕ್ಕೆ ಕಳಿಸಿದೆ. ಮಾಡುವ ಕೆಲಸ ಮಾಡಿ ಮುಗಿಸಿದವರು ಅಲ್ಲಿ ಸುಮ್ಮನೆ ಓಡಾಡಿಕೊಂಡಿರಬಾರದು.

ನಿನ್ನೆ ಸಂಜೆ ಇವಳಿಗೆ, ಅಂದರೆ ಹೆಂಡತಿಗೆ, ಫೋನು ಮಾಡಿದ್ದೆ.

"ಲೇ, ಉಪ್ಪಿನ ಡಬ್ಬ ಎಲ್ಲಿಟ್ಟಿದ್ದೀಯ?"

"ಒಲೆ ಪಕ್ಕ."

"ಒಲೆ ಪಕ್ಕ ಇಲ್ಲ."

"ಇದೆ. ಮೆಲ್ಲಗೆ ಮಾತಾಡಿ, ಮಗು ಮಲಗಿದೆ."

"ನಾನೆಲ್ಲಿ ಜೋರಾಗಿ ಮಾತಾಡಿದೆ?"

"ಫೋನನ್ನ ಮಂಚದ ಮೇಲಿಟ್ಟು ದೂರ ನಿಂತಿದ್ದೀನಿ. ಆದ್ರೂ ಕೇಳಿಸ್ತಿದೆ."

"ಯಾವಾಗ ಬರ್ತೀಯ ಅಂತ ಹೇಳು ಮೊದಲು."

"ನೋಡೋಣ. ಇಲ್ಲಿ ತುಂಬ ಪ್ರಶಾಂತವಾಗಿದೆ ರೀ."

ಪ್ರಶಾಂತತೆಗೂ ನಾನು ಕೇಳಿದ ಪ್ರಶ್ನೆಗೂ ಏನು ಸಂಬಂಧವೋ ತಿಳಿಯಲಿಲ್ಲ. ಉಪ್ಪು ಒಲೆಯ ಪಕ್ಕದಲ್ಲೇ ಇತ್ತು. ಅವಳು ಹೇಳಿದ ಮೇಲೆ ಬಂದು ಕೂತಿರಬೇಕು.

ಜೂನ್ 23, ಸೋಮವಾರ

ಹದಿಮೂರು ದಿನಕ್ಕೆ ಹೊಟ್ಟೆ ತಡವಿದರೆ ಒಳಗೆ ಮಣಿಸರದ ಹಾಗೆ ಸಿಗುತ್ತದೆ. ಸಿಕ್ಕರೆ ಬಸುರಿ. ಎತ್ತಲು ಹೋದೆ. 71-ಹೆ ಕಟ್ಟಿಗೆಯ ಹಾಗೆ ಸೆಟೆದುಕೊಂಡಿತು. ಕಣ್ಣಿನ ಸುತ್ತ ಕೆಂಪು ನೀರು. ಇಲಿ ಹೆದರಿದರೆ ಕಣ್ಣೀರು ಕೆಂಪಗೆ ಬರುತ್ತದೆ. ಹೊಸಬರು ಅದನ್ನು ರಕ್ತವೆಂದುಕೊಂಡು ಡಾಕ್ಟರನ್ನು ಕರೆಯಲು ಓಡುತ್ತಾರೆ. ನಾನು ಹಳಬ. ಆದ್ದರಿಂದ ಎಲ್ಲಿಗೂ ಓಡದೆ, ಏನೂ ತೋಚದೆ, ಅಲ್ಲೇ ನಿಂತಿದ್ದೆ.

ತೊಳೆದ ಪಂಜರಗಳ ಪೇರು ಹೊತ್ತು ಪಂಜರಮ್ಮ ಬಂದಳು. ಪಂಜರ ತೊಳೆಯುವವಳಾದ್ದರಿಂದ ಆ ಹೆಸರು. ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಎಲ್ಲೋ ಇರಬೇಕು.

"ಅಣ್ಣ, ನಾನು ನೋಡ್ಲಾ?"

"ಪಂಜರ ತೊಳೆಯೋರು ಪ್ರಾಣಿ ಮುಟ್ಟೋ ಹಾಗಿಲ್ಲ."

"ಗೊತ್ತು. ಬೋರ್ಡಲ್ಲಿದೆ," ಎನ್ನುತ್ತಾ ಕೈ ಹಾಕಿಯೇ ಬಿಟ್ಟಳು. ಇಲಿ ಅವಳ ತೋಳಿನೊಳಗೆ ಮೂಗು ತೂರಿಸಿ, ಭುಜದ ತನಕ ಹತ್ತಿ, ಅಲ್ಲಿ ಕೂತು ಮುಖ ಒರೆಸಿಕೊಂಡಿತು. ಅವಳು ಎರಡು ಬೆರಳಿನಿಂದ ಹೊಟ್ಟೆ ತಡವಿದಳು. "ಇದೆ. ಆರೋ ಏಳೋ."

"ನಿನಗೆ ಇದೆಲ್ಲ ಯಾರು ಹೇಳಿಕೊಟ್ಟದ್ದು?"

"ನೀವು ಕಾಲು ಮುರ್ಕೊಂಡು ಎರಡು ತಿಂಗಳು ಮನೇಲಿದ್ರಲ್ಲ, ಆಗ ಇವು ಇನ್ನೂ ಮರಿ. ನಿಮ್ಮ ಬದಲಿಗೆ ಬಂದೋರು ಇಲಿ ಕಂಡ್ರೆ ಕುರ್ಚಿ ಹತ್ತೋರು. ಯಾರಾದ್ರೂ ಎತ್ತಿ ಆಡಿಸ್ಬೇಕಲ್ಲ. ಇಲ್ಲಾಂದ್ರೆ ಕಾಡಾಗಿಬಿಡ್ತಾವೆ."

"ಮತ್ತೆ ನಿಯಮ?"

"ಬೋರ್ಡಿನ ಮೇಲೆ ಬಟ್ಟೆ ಹಾಕಿದ್ದೆ ಅಣ್ಣ."

ಇದು ಗಂಭೀರವಾದ ಉಲ್ಲಂಘನೆ. ವರದಿ ಬರೆಯಬೇಕು. ಪೆನ್ನಿನಲ್ಲಿ ಶಾಯಿ ಸರಿಯಾಗಿ ಇಳಿಯುತ್ತಿಲ್ಲ, ನಾಳೆ ನೋಡೋಣ.

ಜೂನ್ 28, ಶನಿವಾರ

ಇವಳಿಗೆ ಫೋನು ಮಾಡಿದೆ. ಶುದ್ಧ ವೃತ್ತಿಪರ ವಿಚಾರಣೆ.

"ಲೇ, ಬಾಣಂತೀನ ಹೇಗೆ ನೋಡ್ಕೋಬೇಕು?"

"ಯಾರನ್ನ?"

"ಆಫೀಸಲ್ಲಿ ಒಬ್ಬಳಿದ್ದಾಳೆ."

ಆ ಕಡೆ ತೊಟ್ಟಿಲು ತೂಗುವ ಸದ್ದು ನಿಂತಿತು.

"ಇಲಿ," ಎಂದೆ.

"ಹಾಗೆ ಹೇಳಿ ಮತ್ತೆ. ಬಾಗಿಲು ಮೆಲ್ಲಗೆ ತೆಗೀಬೇಕು. ಘಮಘಮ ಅಂತ ಏನೂ ಬಳ್ಕೊಂಡು ಹೋಗ್ಬಾರ್ದು. ಊಟ ಇಟ್ಟು ಬಂದ್ಬಿಡ್ಬೇಕು, ತಿಂದಳಾ ಬಿಟ್ಟಳಾ ಅಂತ ಪಹರೆ ಕಾಯ್ಬಾರ್ದು. ಮಗೂನ ಕಂಡಕಂಡೋರ ಕೈಗೆ ಕೊಡ್ಬಾರ್ದು."

"ಅಷ್ಟೇನಾ?"

"ಮಗಳು ಹುಟ್ಟಿದ ಮೂರನೇ ದಿನ ನೀವು ಆಫೀಸಿಂದ ಹದಿನಾರು ಜನಾನ ಕರ್ಕೊಂಡು ಬಂದಿದ್ರಿ."

"ಸಂತೋಷಕ್ಕೆ ಕರ್ಕೊಂಡು ಬಂದೆ."

"ನಾನು ಗೋಡೆ ಕಡೆ ತಿರುಗಿ ಮಲಗಿಬಿಟ್ಟೆ. ನೀವು ಅವರಿಗೆಲ್ಲ, ಪಾಪ, ನಿದ್ದೆ ಬಂದಿದೆ ಅಂದ್ರಿ."

"ಬಂದಿರಲಿಲ್ವಾ?"

"ಇಡ್ತೀನಿ. ಮಗು ಎದ್ದಿದೆ."

ಮಗಳಿಗೆ ಈಗ ಇಪ್ಪತ್ತನಾಲ್ಕು ವರ್ಷ, ಅವಳದೇ ಕೆಲಸ, ಅವಳದೇ ಮನೆ. ಇವಳ ನೆನಪಿನ ಶಕ್ತಿ ಮೆಚ್ಚಬೇಕಾದದ್ದೇ. ಮೇಲಿನ ಅಂಶಗಳನ್ನೆಲ್ಲ ಕ್ರಮವಾಗಿ ಬರೆದು ಗೋಡೆಗೆ ಅಂಟಿಸಿದ್ದೇನೆ. ಹದಿನಾರು ಜನರ ವಿಷಯ ಇಲಿಗೆ ಸಂಬಂಧಿಸಿದ್ದಲ್ಲವಾದ್ದರಿಂದ ಕೈಬಿಟ್ಟಿದ್ದೇನೆ.

ಜುಲೈ 2, ಬುಧವಾರ

ಏಳು ಮರಿ. ಪಂಜರಮ್ಮ ಹೇಳಿದ್ದು. ನಾನು ಒಳಗೆ ಹೋಗಲಿಲ್ಲ, ಬಾಗಿಲಿನ ದುಂಡು ಗಾಜಿನಿಂದ ನೋಡಿದೆ. ಬಾಣಂತಿ ಗೂಡಿನ ಮೇಲೆ ಬಿಲ್ಲಿನ ಹಾಗೆ ಬಾಗಿ ನಿಂತು ಹಾಲು ಕೊಡುತ್ತಿತ್ತು.

ಲಿಫ್ಟಿನವರು, "ಏನಾದ್ರೂ ವಿಶೇಷ?" ಎಂದು ಕೇಳಿದರು. "ಏನಿಲ್ಲ" ಎಂದೆ.

ಜುಲೈ 3, ಗುರುವಾರ

ಹೋಗಿಬಿಟ್ಟೆ.

ಹತ್ತೇ ಸೆಕೆಂಡು. ಹಾಲಿನ ಪಟ್ಟಿ ಇದೆಯೋ ಇಲ್ಲವೋ ಎಂದು ಗಾಜಿನಿಂದ ಗೊತ್ತಾಗುವುದಿಲ್ಲ. ಚಪ್ಪಲಿ ಹೊರಗೆ ಬಿಟ್ಟು, ಉಸಿರು ಬಿಗಿಹಿಡಿದು, ಮುಚ್ಚಳ ಒಂದು ಬೆರಳಷ್ಟೇ ಎತ್ತಿದೆ. ಪಟ್ಟಿ ಇತ್ತು, ಏಳಕ್ಕೂ. ಬಾಣಂತಿ ಎದ್ದು, ಒಂದು ಮರಿಯನ್ನು ಬಾಯಲ್ಲಿ ಕಚ್ಚಿ, ಈ ಮೂಲೆಯಿಂದ ಆ ಮೂಲೆಗೆ, ಆ ಮೂಲೆಯಿಂದ ಈ ಮೂಲೆಗೆ ನಡೆಯತೊಡಗಿತು. ಎಲ್ಲಿಯೂ ಇಳಿಸಲಿಲ್ಲ.

ಜುಲೈ 4, ಶುಕ್ರವಾರ

ಐದು.

ಜುಲೈ 5, ಶನಿವಾರ

ಕಿಡ್ನಿ ಮೇಡಂ ಇಂದು ಸ್ಟೂಲಿನ ಹತ್ತಿರವೇ ಬಂದು ನಿಂತರು. ಅವರು ಮೊದಲ ಬಾರಿಗೆ ಕಿಡ್ನಿಯನ್ನು ಬಿಟ್ಟು ಬೇರೆ ಮಾತಾಡಿದರು.

"ಬೇಜಾರು ಮಾಡ್ಕೋಬೇಡಿ. ಗಂಡಸರ ಮೈವಾಸನೆಗೆ ಇಲಿಗಳು ಹೆದರ್ತವೆ ಅಂತ ಸಂಶೋಧನೆ ಇದೆ. ಅವರು ಎದುರಿಗೆ ಇರಲೇಬೇಕು ಅಂತಿಲ್ಲ, ಹಾಕಿಬಿಟ್ಟ ಅಂಗಿ ಇದ್ರೂ ಸಾಕು."

"ಇಪ್ಪತ್ತಾರು ವರ್ಷದಲ್ಲಿ ಎಷ್ಟು ಬಾಣಂತನ ಮಾಡಿದ್ದೀನಿ ಮೇಡಂ, ಒಂದಾದ್ರೂ ಹೆದರಿದ್ದಿದೆಯಾ?"

"ಅವೆಲ್ಲ ಕಣ್ಣು ಬಿಟ್ಟಾಗಿನಿಂದ ನಿಮ್ಮ ಕೈಲಿ ಆಡಿದವು. ಅಭ್ಯಾಸವಾಗಿತ್ತು. ಇದು ಆಡಿಲ್ಲ."

ಆಧಾರವಿಲ್ಲದೆ ಒಪ್ಪುವವನು ನಾನಲ್ಲ. ಪ್ರಯೋಗ ಮಾಡಿದೆವು. ಬಾಣಂತಿಗೆ ತೊಂದರೆ ಬೇಡವೆಂದು ಮೊಗಸಾಲೆಯಲ್ಲಿದ್ದ ಅದರ ಗಂಡ-ಅಣ್ಣನ ಪಂಜರ ಆರಿಸಿದೆವು. ಮೊದಲು ಪಂಜರಮ್ಮನ ಏಪ್ರನ್ನು ಪಕ್ಕಕ್ಕಿಟ್ಟೆವು. ಅದು ಮೂಸಿತು, ಮತ್ತೆ ತನ್ನ ಪಾಡಿಗೆ ತಾನು ತಿನ್ನತೊಡಗಿತು. ಆಮೇಲೆ ನನ್ನ ಅಂಗಿ. ಅದು ಮೂಸಿತು. ಮೀಸೆ ನಿಂತಿತು. ಬಾಲ ನಿಂತಿತು. ಒಂಬತ್ತು ನಿಮಿಷ ಅದು ಕಲ್ಲಿನ ಇಲಿ.

ಅಂಗಿ ಮೊನ್ನೆ ತಾನೇ ಒಗೆದದ್ದು ಎಂಬುದನ್ನು ದಾಖಲೆಗಾಗಿ ಇಲ್ಲಿ ಬರೆದಿಡುತ್ತೇನೆ.

ಪಂಜರಮ್ಮ ಅಂಗಿಯನ್ನು ಮಡಿಚಿ ಕೊಟ್ಟು, "ಇಲಿಗೇನು ಗೊತ್ತು ಅಣ್ಣ," ಎಂದಳು. ಅದಕ್ಕೆ ಗೊತ್ತಿರುವುದೇ ಅದೊಂದು ಎಂದು ನನಗೆ ಅನಿಸಿತು.

ಜುಲೈ 7, ಸೋಮವಾರ

ಹೊಸ ವ್ಯವಸ್ಥೆ. ಪಂಜರಮ್ಮ ಒಳಗೆ, ನಾನು ಹೊರಗೆ. ಅವಳು ಆಹಾರ ಹಾಕುತ್ತಾಳೆ, ಒದ್ದೆಯಾದ ಮರದ ಹೊಟ್ಟನ್ನು ಮಾತ್ರ ತೆಗೆದು ಗೂಡಿನ ವಾಸನೆ ಉಳಿಸುತ್ತಾಳೆ. ನಾನು ದುಂಡು ಗಾಜಿನ ಈಚೆ ಕೂತು ಅವಳು ಬೆರಳಲ್ಲಿ ತೋರಿಸಿದ ಸಂಖ್ಯೆಯನ್ನು ಕಾರ್ಡಿನಲ್ಲಿ ಬರೆದು ನನ್ನ ಸಹಿ ಹಾಕುತ್ತೇನೆ. ಕಾರ್ಡಿಗೆ ಸಹಿ ಮಾಡುವ ಅಧಿಕಾರ ಪಂಜರ ತೊಳೆಯುವವರಿಗಿಲ್ಲ. ಅದು ಹದಿನಾಲ್ಕನೇ ನಿಯಮ, ನನ್ನದೇ.

ಬೋರ್ಡಿನ ಮೇಲೆ ಬಟ್ಟೆ ಹಾಕಿದ್ದೇನೆ. ಧೂಳು ಬೀಳಬಾರದೆಂದು.

ಜುಲೈ 11, ಶುಕ್ರವಾರ

ಒಂಬತ್ತನೇ ದಿನ. ಮೈಗೆ ಕೂದಲು ಬಂದಿದೆ. ಈ ಹೊತ್ತಿಗೆ ಹೆಣ್ಣುಮರಿಗಳ ಹೊಟ್ಟೆಯ ಮೇಲೆ ಎರಡು ಸಾಲು ಮೊಲೆತೊಟ್ಟಿನ ಚುಕ್ಕೆ ಮೂಡುತ್ತವೆ, ಗಂಡಿಗೆ ಮೂಡುವುದಿಲ್ಲ. ಪಂಜರಮ್ಮ ಒಂದೊಂದನ್ನೇ ಗಾಜಿನ ಹತ್ತಿರ ಹಿಡಿದಳು. ಒಂದು, ಹೆಣ್ಣು. ಎರಡು, ಹೆಣ್ಣು. ಮೂರು, ಹೆಣ್ಣು. ನಾಲ್ಕನೆಯದನ್ನು ಎರಡೆರಡು ಸಲ ತಿರುಗಿಸಿ ಹಿಡಿದಳು. ಹೆಣ್ಣು.

ಗಂಡು ಇಲ್ಲದೆ ಒಡಹುಟ್ಟಿದ ಜೋಡಿ ಇಲ್ಲ. ಜೋಡಿ ಇಲ್ಲದೆ ಕೋಣೆ ಇಲ್ಲ.

ಐದನೆಯದು ಎಲ್ಲಕ್ಕಿಂತ ಚಿಕ್ಕದು. ಗಾಜಿಗೆ ಮೂಗು ಹಚ್ಚಿ ನೋಡಿದೆ. ಮಸುಕಾಗಿ ಚುಕ್ಕೆ ಕಂಡ ಹಾಗಾಯಿತು.

"ಹೆಣ್ಣು," ಎಂದೆ.

"ಗಂಡು," ಎಂದಳು ಗಾಜಿನ ಆ ಕಡೆಯಿಂದ.

"ನಾನು ಇಪ್ಪತ್ತಾರು ವರ್ಷದಲ್ಲಿ ಒಂದು ಸಲಾನೂ ತಪ್ಪಿದವನಲ್ಲ."

"ಗೊತ್ತಣ್ಣ. ಅದು ಚುಕ್ಕೆ ಅಲ್ಲ, ಹೊಟ್ಟಿನ ಪುಡಿ. ಸೋಮವಾರ ಮತ್ತೆ ನೋಡೋಣ."

ತಪ್ಪದಿರುವುದು ನನ್ನ ಸ್ವಭಾವ, ಹೆಮ್ಮೆಯ ಮಾತಲ್ಲ. ಆದರೂ ಈ ಶನಿವಾರ ಭಾನುವಾರ ಮಾತ್ರ ಒಂದು ಸಲ ತಪ್ಪಿದರೆ ಏನಾಗುತ್ತದೆ ಎಂದು ಯೋಚಿಸುತ್ತ ಕೂರುವುದು ಇದೆ.

ಜುಲೈ 14, ಸೋಮವಾರ

ಹೊಟ್ಟಿನ ಪುಡಿ.

ಗಂಡು.

ಜುಲೈ 17, ಗುರುವಾರ

ಐದೂ ಕಣ್ಣು ಬಿಟ್ಟಿವೆ. ಕಣ್ಣು ಬಿಟ್ಟ ಮೇಲೆ ಅವು ಮೊದಲು ನೋಡಿದ್ದು ಪಂಜರಮ್ಮನ ಹೆಬ್ಬೆರಳನ್ನು. ಗಂಡುಮರಿ ಅದನ್ನು ನೆಕ್ಕಿ, ತನ್ನದೇ ಎಂದು ತೀರ್ಮಾನಿಸಿ, ಅದರ ಮೇಲೆ ತಲೆಯಿಟ್ಟು ಮಲಗಿತು. ಅರ್ಧ ಗಂಟೆ ಅವಳು ಕೈ ಅಲ್ಲಾಡಿಸಲಿಲ್ಲ. ಮೂಗು ತುರಿಸುತ್ತಿದೆ ಎಂದು ಸನ್ನೆ ಮಾಡಿದಳು. ಗಾಜಿನ ಈ ಕಡೆಯಿಂದ ನಾನೇನು ಮಾಡಲಿ, ನನ್ನ ಮೂಗನ್ನು ತುರಿಸಿಕೊಂಡು ತೋರಿಸಿದೆ.

ಮಧ್ಯಾಹ್ನ ಇವಳಿಗೆ ಫೋನು ಮಾಡಿದೆ.

"ಮಗು ಮಲಗಿದ್ಯಾ? ಮಲಗಿದ್ರೆ ಆಮೇಲೆ ಮಾಡ್ತೀನಿ."

"ಯಾರು ಮಾತಾಡ್ತಿರೋದು?"

"ನಾನೇ."

"ದನಿ ಗುರುತೇ ಸಿಗಲಿಲ್ಲ. ಏನು ಸಿಗ್ತಿಲ್ಲ ಈಗ? ಸಕ್ಕರೆನಾ?"

"ಎಲ್ಲ ಇದೆ. ಐದೂ ಕಣ್ಣು ಬಿಟ್ವು, ಅದನ್ನ ಹೇಳೋಣ ಅಂತ. ನಿನಗೆ ಬೆನ್ನುನೋವು ಇತ್ತಲ್ಲ, ಹೇಗಿದೆ?"

ಅವಳಿಗೆ ಬೆನ್ನು ಹೇಗಿದೆ ಎಂದು ನೆನಪಿಸಿಕೊಳ್ಳಲು ಸಾಕಷ್ಟು ಸಮಯ ಬೇಕಾಯಿತು.

"ಪರವಾಗಿಲ್ಲ," ಎಂದಳು. ಆಮೇಲೆ, "ನಾನು ಯಾವಾಗ ಬರ್ಲಿ?"

"ಅಲ್ಲಿ ಕೆಲಸ ಮುಗಿದು, ನಿನಗೆ ಬರೋಣ ಅನ್ನಿಸಿದಾಗ ಬಾ."

"ರೀ, ನೀವು ಹುಷಾರಾಗಿದ್ದೀರಿ ತಾನೇ? ಜ್ವರಗಿರ?"

ಹುಷಾರಾಗಿದ್ದೇನೆ ಎಂದೆ. ಎಲ್ಲರೂ ಯಾಕೆ ಹೀಗೆ ಕೇಳುತ್ತಿದ್ದಾರೋ. ನಿನ್ನೆ ಕ್ಯಾಂಟೀನಿನವರೂ ಕೇಳಿದರು.

ಜುಲೈ 23, ಬುಧವಾರ

ಮರಿಗಳನ್ನು ತಾಯಿಯಿಂದ ಬೇರೆ ಮಾಡಿದೆವು. ನಾಲ್ಕು ಹೆಣ್ಣು, ಒಂದು ಗಂಡು. ಗಟ್ಟಿ ಆಹಾರ ಕಡಿದು ತಿನ್ನುತ್ತಿವೆ. ಎಪ್ಪತ್ತೆರಡನೇ ತಲೆಮಾರು.

ಬಾಣಂತಿ ಖಾಲಿ ಗೂಡನ್ನು ಒಂದು ಸಲ ಕೆದಕಿ ನೋಡಿ, ಕಾಲು ಚಾಚಿ ಮಲಗಿತು. ಇಪ್ಪತ್ತೊಂದು ದಿನದಲ್ಲಿ ಮೊದಲ ಸಲ ಅದು ಕಾಲು ಚಾಚಿದ್ದು.

ಜುಲೈ 24, ಗುರುವಾರ

ನಾಳೆಯ ತಪಾಸಣೆಗೆ ನಮೂನೆ ತುಂಬಲು ಆಡಳಿತಾಧಿಕಾರಿ ಕರೆಸಿದ್ದರು. ಅವರು ಕನ್ನಡಕದ ಮೇಲಿನಿಂದಲೂ ನೋಡುವುದಿಲ್ಲ, ಒಳಗಿನಿಂದಲೂ ನೋಡುವುದಿಲ್ಲ, ಕಾಗದವನ್ನೇ ನೋಡುತ್ತಾರೆ.

"ಜೋಡಿ ಇದೆಯಂತಲ್ಲ. ಇಲ್ಲಿ ಸಹಿ ಹಾಕಿ, ಕೋಣೆ ನಿಮ್ಮದೇ."

ಸಹಿಯ ಮೇಲೊಂದು ಸಾಲು: ಮರಿಗಳನ್ನು ಸಾಕಿದವರು.

"ಇಲ್ಲಿ ಬೇರೆಯವರ ಹೆಸರು ಬರೆದ್ರೆ ಏನಾಗುತ್ತೆ ಸಾರ್?"

"ಯಾರದು?"

"ಪಂಜರ ತೊಳೆಯುವವರದು."

"ಒಂದು ಕೋಣೆಗೆ ಒಂದೇ ಹುದ್ದೆ. ಸಾಕಿದೋರು ಅವರಾದ್ರೆ ಪಾಲಕರೂ ಅವರೇ ಆಗ್ಬೇಕು. ಆಗ ನೀವು ಹೆಚ್ಚುವರಿ."

"ಹೆಚ್ಚುವರಿ ಅಂದ್ರೆ?"

"ಉಗ್ರಾಣ. ಸುಮ್ಮನೆ ಸಹಿ ಹಾಕ್ರೀ. ಅವರನ್ನ ಹೇಗೂ ಒಂದನೇ ತಾರೀಕಿಂದ ಮೂರನೇ ಕಟ್ಟಡಕ್ಕೆ ಹಾಕಿದೆ, ಗಾಜಿನ ಸಾಮಾನು ತೊಳೆಯೋಕೆ."

ನಮೂನೆ ನಾಳೆ ತರುತ್ತೇನೆಂದು ಎದ್ದು ಬಂದೆ.

ಪಂಜರಮ್ಮನಿಗೆ ಹೇಳಿದೆ. ಅವಳು ಹೊಟ್ಟು ಜರಡಿ ಹಿಡಿಯುತ್ತಿದ್ದಳು. "ನಿಮ್ಮ ಹೆಸರೇ ಹಾಕಿ ಅಣ್ಣ. ನನಗೇನು, ಪಂಜರ ಆದ್ರೇನು ಗಾಜು ಆದ್ರೇನು, ನೀರು ಒಂದೇ," ಎಂದಳು. ಜರಡಿ ಮಾತ್ರ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಆಡಿಸಿದಳು.

ಸ್ಟೂಲಿನಲ್ಲಿ ಕೂತು ಯೋಚಿಸಿದೆ. ಈ ಐದು ಮರಿ ಯಾರ ಕೈಯಲ್ಲಿ ಕಣ್ಣು ಬಿಟ್ಟವೋ ಅವಳು ಒಂದನೇ ತಾರೀಕಿಗೆ ಹೋದರೆ, ಎರಡು ತಿಂಗಳು ಕಳೆದು ಇವುಗಳಲ್ಲೊಂದು ಹೆತ್ತಾಗ ಒಳಗೆ ಹೋಗುವವನು ನಾನು. ನಾನು ಮತ್ತು ನನ್ನ ಅಂಗಿ.

ಜುಲೈ 25, ಶುಕ್ರವಾರ

ತಪಾಸಣೆ ಆಯಿತು. ಮೂವರು ಬಂದರು, ಗಾಜಿನಿಂದಲೇ ನೋಡಿ ಎಂದೆ, ನೋಡಿದರು. ಅವರಲ್ಲಿ ಹಿರಿಯರು, "ಯಾಕೆ ಪಿಸುಗುಡ್ತಿದ್ದೀರಿ?" ಎಂದು ಕೇಳಿದರು. ನಾನು ಮಾಮೂಲಿಯಾಗೇ ಮಾತಾಡುತ್ತಿದ್ದೆ.

ವಂಶ ಮುಂದುವರಿಯತಕ್ಕದ್ದು ಎಂದು ಬರೆದು ಮುದ್ರೆ ಒತ್ತಿದರು. ಕಿಡ್ನಿ ಮೇಡಂ ನನ್ನ ಕೈ ಕುಲುಕಿ, ಗಂಡುಮರಿಯ ಕಿಡ್ನಿ ಚೆನ್ನಾಗಿರುತ್ತದೆ ಎಂದರು.

ನಮೂನೆ ತುಂಬಲು ಪಂಜರಮ್ಮನನ್ನು ಅವಳ ಹೆಸರು ಕೇಳಬೇಕಾಯಿತು. ಹದಿನಾಲ್ಕು ವರ್ಷದಲ್ಲಿ ಕೇಳಿರಲಿಲ್ಲ. ಹೇಳಿದಳು. ಒಳ್ಳೆಯ ಹೆಸರು, ಬರೆಯಲು ಸ್ವಲ್ಪ ಉದ್ದ. ಸಾಲು ಸಾಲದೆ ಅಂಚಿನ ತನಕ ಹೋಯಿತು.

ಜುಲೈ 26, ಶನಿವಾರ

ಇವಳು ಬಂದಿದ್ದಾಳೆ. ಹೇಳದೆ ಬಂದಳು, ನಾನು ಬೆಳಗಿನ ಪಾತ್ರೆ ತೊಳೆಯುತ್ತಿದ್ದೆ. ಚೀಲ ಇಳಿಸಿ ಅಡಿಗೆಮನೆ, ಹಜಾರ, ಎಲ್ಲ ನೋಡಿ, "ಯಾರೂ ಬಂದಿಲ್ವಾ?" ಎಂದಳು. ಯಾರನ್ನೂ ಕರೆದಿಲ್ಲ ಎಂದೆ. ಉಗ್ರಾಣದ ವಿಷಯ ಹೇಳಿದೆ. "ನೀವೇ ಬರೆದುಕೊಟ್ರಾ?" ಎಂದು ಎರಡು ಸಲ ಕೇಳಿದಳು.

ಮಧ್ಯಾಹ್ನ ಊಟವಾದ ಮೇಲೆ ಮಲಗಿದಳು. ನೀರು ಇಟ್ಟು ಬರಲು ಹೋದಾಗ ಬಾಗಿಲ ಕಡೆ ಮುಖ ಮಾಡಿ ಮಲಗಿದ್ದಳು. ಕಣ್ಣು ತೆರೆದು ನೋಡಿ, ಮತ್ತೆ ಮುಚ್ಚಿದಳು. ವಿಶೇಷವೇನಿಲ್ಲ.

ಜುಲೈ 31, ಗುರುವಾರ

ನಾಳೆಯಿಂದ ಉಗ್ರಾಣ. ಅಲ್ಲಿ ಸದ್ದು ಮಾಡಿದರೂ ಪೆನ್ಸಿಲುಗಳು ಮರಿಗಳನ್ನು ತಿನ್ನುವುದಿಲ್ಲವೆಂದು ಕೇಳಿದ್ದೇನೆ.

ಹೊಸ ಪಾಲಕಿಗೆ ಬೀಗದ ಕೈ, ಕಾರ್ಡುಗಳು, ತೂಕದ ಯಂತ್ರ ಒಪ್ಪಿಸಿದೆ. "ಬೋರ್ಡು ಏನ್ಮಾಡ್ಲಿ ಅಣ್ಣ?" ಎಂದಳು. ನಿನ್ನ ಕೋಣೆ, ನಿನ್ನ ಇಷ್ಟ ಎಂದೆ. ಅಷ್ಟು ಹೊತ್ತಿಗೆ ಗಂಡುಮರಿ ಅವಳ ಜೇಬಿನಿಂದ ತಲೆ ಹೊರಹಾಕಿ ನನ್ನ ಕಡೆ ಮೂಗು ಅರಳಿಸಿತು. ನಾನು ಎರಡು ಹೆಜ್ಜೆ ಹಿಂದೆ ಸರಿದು ನಿಂತೆ. ಅದು ಒಳಗೆ ಹೋಗಲಿಲ್ಲ. ಸ್ವಲ್ಪ ಹೊತ್ತು ಹಾಗೇ ಇತ್ತು. ನಾನೂ ಹಾಗೇ ಇದ್ದೆ.

ಆಸ್ತಿ ಪಟ್ಟಿ ನೋಡಿದಾಗ ತಿಳಿಯಿತು, ಈ ನೋಟುಬುಕ್ಕು ಸಂಸ್ಥೆಯದು, ಮನೆಗೆ ಒಯ್ಯುವಂತಿಲ್ಲ. ಡ್ರಾಯರಿನಲ್ಲೇ ಬಿಟ್ಟು ಹೋಗುತ್ತಿದ್ದೇನೆ. ಆದ್ದರಿಂದ ಇದು ಒಂದಲ್ಲ ಒಂದು ದಿನ ಯಾರಾದರೊಬ್ಬರ ಕೈಗೆ ಸಿಗುತ್ತದೆ. ಬಹುಶಃ ಭಾನುವಾರ, ಅವಳ ರಜೆಯ ದಿನ, ಬದಲಿಗೆ ಬಂದು ಹೊತ್ತು ಹೋಗದೆ ಡ್ರಾಯರು ಕೆದಕುತ್ತಿರುವ ನಿಮ್ಮ ಕೈಗೆ. ಓದಿದ್ದಕ್ಕೆ ಬೇಜಾರಿಲ್ಲ. ಹೇಗೂ ಅಲ್ಲೇ ಇದ್ದೀರಿ, ಒಂದು ಉಪಕಾರ ಮಾಡಿ. ನೀರಿನ ಬಾಟಲಿಯನ್ನು ಪಂಜರಕ್ಕೆ ತಲೆಕೆಳಗಾಗಿ ಸಿಕ್ಕಿಸಿದ ಮೇಲೆ, ಅದರ ಮೂತಿಯಲ್ಲಿರುವ ಗುಂಡನ್ನು ಬೆರಳಿನಿಂದ ಒಮ್ಮೆ ಮೆಲ್ಲಗೆ ಒತ್ತಿ. ಎಷ್ಟೋ ಸಲ ಒಳಗೆ ಗಾಳಿ ಸಿಕ್ಕಿ ನೀರು ಇಳಿಯುವುದಿಲ್ಲ, ಹೊರಗಿನಿಂದ ನೋಡಿದರೆ ತುಂಬಿದ ಹಾಗೇ ಕಾಣುತ್ತದೆ. ಒಂದು ಹನಿ ನಿಮ್ಮ ಬೆರಳಿಗೆ ಬರಬೇಕು. ಬಂದ ಮೇಲೆ ಹೋಗಿ.